ಕೆಂಪು ಹಗ್ಗದ ಸ್ವಿಚ್ಚು

ಹಳೇ ಮೋಟಾರು ಕೊಳ್ಳುವವರಿಗೆ ಮೇಸ್ತ್ರಿ ಹೇಳುತ್ತಿದ್ದ ಬುದ್ಧಿಮಾತು ಒಂದೇ: ಬಣ್ಣ ನೋಡಿ ಮರುಳಾಗಬೇಡಿ, ಮುಚ್ಚಳ ತೆಗೆಸಿ ನೋಡಿ. ಊರಿಗೆಲ್ಲ ಹಂಚಿದ ಈ ಬುದ್ಧಿ ಅವನ ಅಕ್ಕನ ಮಗಳ ಕಿವಿಗೆ ಮಾತ್ರ ಬಿದ್ದಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಅವಳು ಗೋಣಿತಾಟು ಹೊದಿಸಿದ ಮೋಟಾರೊಂದನ್ನು ತಳ್ಳುಗಾಡಿಯಲ್ಲಿ ತಂದು ಅವನ ರಿಪೇರಿ ಶೆಡ್ಡಿನ ಮುಂದೆ ನಿಲ್ಲಿಸಿದಳು.

"ಮಾವ, ಬಯ್ಯೋದಿದ್ರೆ ಈಗಲೇ ಬಯ್ದುಬಿಡು. ಆಮೇಲೆ ಕೆಲಸ ಶುರು ಮಾಡೋಣ."

ದೋಣಿಯ ಹಿಂಬದಿಗೆ ಕಚ್ಚಿಸಿ, ಹಗ್ಗ ಜಗ್ಗಿ ಶುರು ಮಾಡುವ ಐದು ಹಾರ್ಸ್‌ಪವರಿನ ಪುಟ್ಟ ಮೋಟಾರು. ಮೈತುಂಬ ಹೊಳೆಯುವ ನೀಲಿ ಬಣ್ಣ. ಮೇಸ್ತ್ರಿ ಅದರ ಸುತ್ತ ಒಂದು ಸುತ್ತು ಬಂದು ಮೂಗು ಮುರಿದ.

"ಮದುಮಗಳ ಥರ ಸಿಂಗಾರ ಮಾಡಿ ಕಳಿಸಿದ್ದಾನಲ್ಲೇ! ಎಷ್ಟು ಜನ ಓಡಿಸಿದ್ದಾರಂತೆ?"

"ಇಬ್ಬರಂತೆ."

"ಇಬ್ಬರು ಅಂದ್ರೆ ನಾಲ್ವರು ಅಂತ ತಿಳ್ಕೋ."

ಅಳಿವೆಯ ಆಚೆ ದಡದ ಊರುಗಳಿಗೆ ಹಾಲಿನ ಕ್ಯಾನು, ತರಕಾರಿ ಸಾಗಿಸಬೇಕೆಂಬುದು ಹುಡುಗಿಯ ಹಂಚಿಕೆ. ಹೊಳೆ ಸಮುದ್ರ ಸೇರುವ ಆ ಅಗಲದ ನೀರು ದಾಟಲು ಸೇತುವೆಯಿಲ್ಲ. ದೋಣಿಯಿದ್ದವರಿಗೆ ಕೆಲಸಕ್ಕೆ ಬರವಿಲ್ಲ. ಆದರೆ ಅವಳ ಅಮ್ಮ, ಮೇಸ್ತ್ರಿಯ ಅಕ್ಕ, ಒಪ್ಪಲು ಎರಡು ವರ್ಷ ತೆಗೆದುಕೊಂಡಿದ್ದಳು. ಒಪ್ಪಿದ್ದೂ ಒಂದು ಷರತ್ತಿನ ಮೇಲೆ: ತಮ್ಮ ಒಂದೊಂದು ಸ್ಕ್ರೂವನ್ನೂ ಕಣ್ಣಾರೆ ನೋಡಿ ಸರಿ ಅಂದಮೇಲೇ ದೋಣಿ ನೀರಿಗೆ ಇಳಿಯಬೇಕು.

ಅಕ್ಕನ ಹೆದರಿಕೆಗೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಮೀನಿಗೆಂದು ಹೋದ ಭಾವ ತಿರುಗಿ ಬಂದಿರಲಿಲ್ಲ. ಖಾಲಿ ದೋಣಿ ಆಚೆ ದಡದ ಮರಳುದಿಬ್ಬಕ್ಕೆ ಹತ್ತಿ ನಿಂತಿತ್ತು. ಟ್ಯಾಂಕಿನಲ್ಲಿ ಒಂದು ತೊಟ್ಟು ಪೆಟ್ರೋಲಿರಲಿಲ್ಲ. ಭಾವ ಸಿಕ್ಕಿದ್ದು ಮೂರನೇ ದಿನ. ಬಲಗೈ ಮಣಿಕಟ್ಟಿನಲ್ಲಿ ಕೆಂಪು ಹಗ್ಗ ಹಾಗೇ ಇತ್ತು.

ಆ ಹಗ್ಗದ ಒಂದು ತುದಿ ಓಡಿಸುವವನ ಕೈಗೆ, ಇನ್ನೊಂದು ತುದಿಯ ಕ್ಲಿಪ್ಪು ಮೋಟಾರಿನ ಸ್ವಿಚ್ಚಿಗೆ. ಮನುಷ್ಯ ನೀರಿಗೆ ಬಿದ್ದರೆ ಕ್ಲಿಪ್ಪು ಕಿತ್ತುಕೊಂಡು ಬಂದು ಮೋಟಾರು ತಾನಾಗಿ ನಿಲ್ಲುತ್ತದೆ. ನಾಲ್ಕು ಮಾರು ಈಜಿ ದೋಣಿ ಹಿಡಿಯಬಹುದು. ಭಾವನ ದೋಣಿ ಅವನನ್ನು ಬಿಟ್ಟು ಓಡಿಹೋಗಿದೆ ಎಂದರೆ ಕ್ಲಿಪ್ಪನ್ನು ಸಿಕ್ಕಿಸಿರಲೇ ಇಲ್ಲ ಎಂದು ಊರೇ ತೀರ್ಮಾನಿಸಿತು. ಹೆಂಡತಿ ದಡದಲ್ಲಿ ನಿಂತು ನೋಡುತ್ತಾಳೆಂದು ಕೈಗೆ ಕಟ್ಟಿಕೊಂಡು, ದಡ ಮರೆಯಾದೊಡನೆ ಆ ತುದಿ ಬಿಚ್ಚಿಬಿಟ್ಟಿರುತ್ತಾನೆ! ಅಕ್ಕನೂ ಹಾಗೇ ನಂಬಿದಳು. ಅಳುವುದರ ಬದಲು ಸಿಟ್ಟಾದಳು. ಮೋಟಾರನ್ನು ಕಣ್ಣೆದುರು ಇಟ್ಟುಕೊಳ್ಳಲಾರದೆ ವಾರದೊಳಗೆ ಬಂದವರಿಗೆ ಮಾರಿದಳು. ಹುಡುಗಿ ಆಗ ದೂರದ ಹಾಸ್ಟೆಲಿನಲ್ಲಿ ಓದುತ್ತಿದ್ದಳು, ಮೋಟಾರನ್ನು ಅವಳು ಸರಿಯಾಗಿ ನೋಡಿಯೂ ಇರಲಿಲ್ಲ.

"ಸಾಯಂಕಾಲ ಬರ್ತೀನಿ ಮಾವ. ಮಧ್ಯಾಹ್ನ ಊಟಕ್ಕೆ ತಡ ಮಾಡಬೇಡ, ಅಮ್ಮ ಕಾಯ್ತಾಳೆ," ಎಂದು ಹುಡುಗಿ ಹೊರಟಳು.

ಮೇಸ್ತ್ರಿ ಕೆಲಸಕ್ಕೆ ಕೂತ. ಪ್ಲಗ್ ಬಿಚ್ಚಿದ, ಮಸಿ ಹಿಡಿದಿತ್ತು, ಉಜ್ಜಿದ. ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿತ್ತು. ಎಲ್ಲೋ ನೀರು ನುಗ್ಗಿದೆ, ಸೀಲು ಬದಲಿಸಬೇಕು. ತಂಪಿನ ನೀರೆಳೆಯುವ ರಬ್ಬರ್ ಚಕ್ರದ ಎರಡು ಹಲ್ಲು ಮುರಿದಿದ್ದವು. ಮಾರಿದವನಿಗೆ ಮನಸ್ಸಿನಲ್ಲೇ ನಾಲ್ಕು ಬಯ್ದು, ತಂತಿಗಳನ್ನು ನೋಡಲು ಟಾರ್ಚು ಹಿಡಿದ.

ಕೆಂಪು ಹಗ್ಗದ ಸ್ವಿಚ್ಚಿನಿಂದ ಹೊರಟ ತಂತಿ ನಡುವೆ ಕತ್ತರಿಸಿತ್ತು. ತುದಿಯನ್ನು ಹಿಂದಕ್ಕೆ ಮಡಚಿ ಟೇಪು ಸುತ್ತಿ, ಟೇಪಿನ ಮೇಲೆ ಬಲೆ ಹೆಣೆಯುವ ನೈಲಾನ್ ದಾರ ಬಿಗಿದು ಎರಡು ಗಂಟು ಹಾಕಿತ್ತು. ಉಪ್ಪುಗಾಳಿಗೆ ಟೇಪು ಬಿಟ್ಟುಕೊಳ್ಳುತ್ತದೆಂದು ಹೀಗೆ ದಾರ ಕಟ್ಟುವವನು ಆ ದಡದ ಉದ್ದಕ್ಕೂ ಒಬ್ಬನೇ ಇದ್ದ. ಮೇಸ್ತ್ರಿ ಟಾರ್ಚು ಆರಿಸಿದ. ಮತ್ತೆ ಹಾಕಿದ. ಗಂಟು ಅವನದೇ. ಉಗುರಿನಿಂದ ನೀಲಿ ಬಣ್ಣ ಕೆರೆದರೆ ಅಡಿಯಲ್ಲಿ ಭಾವನ ಮೋಟಾರಿನ ಬೂದು ಬಣ್ಣ.

ನಾಲ್ಕು ವರ್ಷದಿಂದ ಅವನು ನೆನಪು ಮಾಡಿಕೊಳ್ಳಲು ಒಲ್ಲದೆ ಇದ್ದದ್ದು ಈಗ ಕಣ್ಣೆದುರು ಬಂದು ಕೂತಿತು. ಭಾವ ಸಾಯುವುದಕ್ಕೆ ಒಂದು ತಿಂಗಳ ಮುಂಚೆ ಈ ಮೋಟಾರು ನಡುನೀರಿನಲ್ಲಿ ನಿಂತು ನಿಂತು ಸತಾಯಿಸುತ್ತಿತ್ತು. ಹಗ್ಗದ ಸ್ವಿಚ್ಚು ತುಕ್ಕು ಹಿಡಿದು ತಾನಾಗಿ ಮೋಟಾರನ್ನು ನಿಲ್ಲಿಸುತ್ತಿತ್ತು. ಹೊಸದು ಬರಲು ವಾರ ಬೇಕು, ಮೀನಿಗೋ ಸುಗ್ಗಿ. ವಾರದ ಮಟ್ಟಿಗೆ ತಾನೇ ಎಂದು ಮೇಸ್ತ್ರಿ ಅದರ ತಂತಿಯನ್ನು ಕತ್ತರಿಸಿಬಿಟ್ಟಿದ್ದ. ತಂತಿಯಿಲ್ಲದ ಮೇಲೆ ಕ್ಲಿಪ್ಪು ಕಿತ್ತು ಬಂದರೂ ಮೋಟಾರು ನಿಲ್ಲದು. ನಿಲ್ಲಿಸುವ ಬಟನ್ ಬೇರೆ ಇದ್ದುದರಿಂದ ಭಾವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಇವನೂ ಹೇಳಲಿಲ್ಲ. ಹೇಳಿದರೆ ಭಾವ ಅಕ್ಕನ ಮುಂದೆ ಬಾಯಿ ಬಿಡುತ್ತಾನೆ, ಅಕ್ಕ ವಾರವಿಡೀ ದೋಣಿ ಇಳಿಸಲು ಬಿಡುವುದಿಲ್ಲ. "ಸರಿಯಾಯ್ತು ಭಾವ, ಹೋಗಿ ಬಾ," ಎಂದಿದ್ದ. ಹೊಸ ಸ್ವಿಚ್ಚು ಬಂದದ್ದು ನೆನಪಿದೆ, ಹಾಕಿದ್ದು ನೆನಪಿರಲಿಲ್ಲ. ಹಾಕಿಯೇ ಇರುತ್ತೇನೆ, ಅಷ್ಟು ಮರೆಗುಳಿಯಲ್ಲ ನಾನು ಎಂದು ಮನಸ್ಸಿಗೆ ಸಮಾಧಾನ ಹೇಳುತ್ತ ನಾಲ್ಕು ವರ್ಷ ದೂಡಿದ್ದ.

ಈಗಲೂ ಹೊಸ ಸ್ವಿಚ್ಚು ಹಾಕಲು ಹತ್ತು ನಿಮಿಷ ಸಾಕು. ದಾರ ಕತ್ತರಿಸಿ ಹೊಳೆಗೆ ಎಸೆದರೆ ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಹುಡುಗಿ ಕ್ಷೇಮವಾಗಿ ಓಡಾಡುತ್ತಾಳೆ, ಅಕ್ಕ ಎಂದಿನಂತೆ ಅನ್ನ ಬಡಿಸುತ್ತಾಳೆ. ಮದುವೆಯ ಗೋಜಿಗೆ ಹೋಗದ ಅವನಿಗೆ ಮನೆ ಎಂದು ಇದ್ದದ್ದು ಅದೊಂದೇ. ಪಾಪಿ ಕೈ ಕತ್ತರಿಯ ತನಕ ಹೋಯಿತು ಕೂಡ. ಆದರೆ ಹೊತ್ತು ಒಂದು ಗಂಟೆ ದಾಟಿತ್ತು. ಮೋಟಾರಿನ ಮೇಲೆ ಗೋಣಿತಾಟು ಎಳೆದು ಊಟಕ್ಕೆ ನಡೆದ.

"ಎಲ್ಲಾ ಸರಿಯಿದೆಯೇನೋ?" ಅಕ್ಕ ಅವನಿಗೂ ಮಗಳಿಗೂ ಬಡಿಸುತ್ತ ಕೇಳಿದಳು.

"ಹ್ಞೂಂ. ಸ್ವಲ್ಪ ಕೆಲಸ ಇದೆ."

"ಆ ಹಗ್ಗದ್ದು ಮಾತ್ರ ಚೆನ್ನಾಗಿ ನೋಡೋ. ಇವಳಿಗೂ ಒತ್ತಿ ಒತ್ತಿ ಹೇಳು. ಅಪ್ಪನ ಥರ ಆಗೋದು ಬೇಡ." ಅಷ್ಟಕ್ಕೇ ಸುಮ್ಮನಾಗುವವಳಲ್ಲ ಅವಳು. "ದಿನಾ ಹೇಳ್ತಿದ್ದೆ, ಸಿಕ್ಕಿಸ್ಕೊಳ್ರೀ, ಸಿಕ್ಕಿಸ್ಕೊಳ್ರೀ ಅಂತ. ಕೈ ಎತ್ತಿ ತೋರಿಸಿ ನಗ್ತಿದ್ರು. ನನ್ನನ್ನ ಮಂಗ ಮಾಡಿ ಹೋದ್ರು. ಒಂದು ಕ್ಲಿಪ್ಪು ಒತ್ತೋಕೂ ಸೋಮಾರಿತನ! ಹೆಂಡತಿ ಮಗಳಿಗಿಂತ ಅದೇ ಹೆಚ್ಚಾಯ್ತು ಆ ಮನುಷ್ಯನಿಗೆ."

ಈ ಮಾತನ್ನು ಮೇಸ್ತ್ರಿ ನೂರಾರು ಸಲ ಕೇಳಿದ್ದ. ಕೇಳಿ, ತಲೆ ತಗ್ಗಿಸಿ, ಉಂಡು ಎದ್ದಿದ್ದ. ಇವತ್ತು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅಕ್ಕ, ಅದು ಭಾವನ ಮೋಟಾರು," ಎಂದ.

ಅಕ್ಕನ ಕೈಯ ಸೌಟು ಅಲ್ಲೇ ನಿಂತಿತು. ಮಗಳು ತಟ್ಟೆಯಿಂದ ತಲೆಯೆತ್ತಿದಳು. ಶುರು ಮಾಡಿದ ಮೇಲೆ ನಿಲ್ಲಿಸಲು ಅವನಿಗೇ ಧೈರ್ಯವಿರಲಿಲ್ಲ. ತುಕ್ಕಿನ ಸ್ವಿಚ್ಚು, ಕತ್ತರಿಸಿದ ತಂತಿ, ಹೇಳದೆ ಉಳಿಸಿಕೊಂಡದ್ದು, ಮರೆತದ್ದು, ಎಲ್ಲವನ್ನೂ ಎಂಜಲು ಕೈಯಲ್ಲೇ ಕೂತು ಹೇಳಿದ. ಮುಗಿದ ಮೇಲೆ ಅಕ್ಕ ಸೌಟನ್ನು ಪಾತ್ರೆಯೊಳಗಿಟ್ಟು ಎದ್ದಳು.

"ನಡಿ, ತೋರಿಸು," ಎಂದಳು.

ಮೂವರೂ ಶೆಡ್ಡಿಗೆ ಬಂದರು. ಮೇಸ್ತ್ರಿ ಬಿಚ್ಚಿದ್ದನ್ನೆಲ್ಲ ಹೇಗೋ ಜೋಡಿಸಿದ. ಪಂಪಿಗೆ ಹೊಸ ಚಕ್ರ ಹಾಕಿ ಮೋಟಾರನ್ನು ನೀರಿನ ಡ್ರಮ್ಮಿಗೆ ಕಚ್ಚಿಸಿದ. ನಾಲ್ಕು ಸಲ ಜಗ್ಗಿದ ಮೇಲೆ ಅದು ಕೆಮ್ಮಿ, ಹೊಗೆ ಕಾರಿ, ಓಡತೊಡಗಿತು. ಗೂಟಕ್ಕೆ ನೇತುಹಾಕಿದ್ದ ಕೆಂಪು ಹಗ್ಗವೊಂದನ್ನು ಮಗಳು ತಂದುಕೊಟ್ಟಳು. ಅಕ್ಕ ಅದನ್ನು ತನ್ನ ಬಲಗೈಗೆ ತೊಡಿಸಿಕೊಂಡು, ಕ್ಲಿಪ್ಪನ್ನು ಸ್ವಿಚ್ಚಿಗೆ ಸಿಕ್ಕಿಸಿ, ಸಿಕ್ಕಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಕೈಯನ್ನು ರಪ್ಪನೆ ಎಳೆದಳು.

ಕ್ಲಿಪ್ಪು ಕಿತ್ತು ಬಂತು. ಮೋಟಾರು ಓಡುತ್ತಲೇ ಇತ್ತು.

ಅಕ್ಕ ಮತ್ತೆ ಸಿಕ್ಕಿಸಿದಳು, ಮತ್ತೆ ಎಳೆದಳು. ಐದಾರು ಸಲ ಹೀಗೇ ಮಾಡಿದಳು. ಡ್ರಮ್ಮಿನ ನೀರು ಕುದಿಯುವಂತೆ ಉಕ್ಕಿ ಅವಳ ಸೀರೆಯೆಲ್ಲ ಒದ್ದೆಯಾಯಿತು. ಕೊನೆಗೆ ಮಗಳೇ ಬಟನ್ ಒತ್ತಿ ನಿಲ್ಲಿಸಿದಳು.

"ಸಿಕ್ಕಿಸ್ಕೊಂಡಿದ್ರು ಕಣೇ ನಿಮ್ಮಪ್ಪ," ಎಂದಳು ಅಕ್ಕ. "ನನ್ನ ಮಾತು ಕೇಳಿದ್ರು. ದೋಣಿ ನಿಲ್ಲುತ್ತೆ ಅಂತ ನೀರಲ್ಲಿ ಎಷ್ಟು ಹೊತ್ತು ಕಾದ್ರೋ ಏನೋ." ನಾಲ್ಕು ವರ್ಷ ಸಿಟ್ಟಿನಲ್ಲಿ ಕಟ್ಟಿಟ್ಟಿದ್ದ ಅಳು ಆಗ ಬಂತು. ಮಗಳ ಹೆಗಲಿಗೆ ಒರಗಿ, ಹೆತ್ತವರು ಸತ್ತಾಗಲೂ ಅತ್ತಿರದ ಹಾಗೆ ಅತ್ತಳು.

ಮೇಸ್ತ್ರಿ ಅಕ್ಕನ ಕಾಲ ಬಳಿ ಕೂತ. "ಹೊಡಿ ಅಕ್ಕ. ಏನು ಬೇಕಾದ್ರೂ ಅನ್ನು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಅವನನ್ನು ನೋಡಿದಳು. ದನಿಯಲ್ಲಿ ಜಗಳವಿರಲಿಲ್ಲ.

"ತಂತಿ ಕತ್ತರಿಸಿದ್ದು ಮರೆತೆ. ಮರೆವು ಮನುಷ್ಯರಿಗೆ ಬರುತ್ತೆ, ಅದನ್ನ ಹೇಗಾದ್ರೂ ನುಂಗ್ಕೋತೀನಿ. ಆದ್ರೆ ನಾಲ್ಕು ವರ್ಷ ನಾನು ಅವರನ್ನ ಬೈತಿದ್ದಾಗೆಲ್ಲ ನೀನು ಎದುರಿಗೇ ಕೂತಿದ್ದೆ. ನಿನಗೆ ಅನುಮಾನ ಇತ್ತು. ಒಂದೇ ಒಂದು ಸಲ, 'ಸಿಕ್ಕಿಸ್ಕೊಂಡಿದ್ರೋ ಏನೋ ಅಕ್ಕ, ಬಯ್ಯಬೇಡ' ಅಂತ ನಿನ್ನ ಬಾಯಲ್ಲಿ ಬರಲಿಲ್ಲವಲ್ಲೋ."

ತಾಯಿ ಮಗಳು ಸೇರಿ ಡ್ರಮ್ಮಿನಿಂದ ಮೋಟಾರನ್ನು ಬಿಚ್ಚಿದರು. ಹೆಣಭಾರ, ಎತ್ತಲಾಗದೆ ಒಮ್ಮೆ ಕೆಳಗಿಟ್ಟರು. ಮೇಸ್ತ್ರಿ ಎದ್ದು ಕೈ ಹಚ್ಚಲು ಹೋದ. ಅಕ್ಕ ಬೇಡ ಎಂದಳು. ಎರಡನೇ ಸಲಕ್ಕೆ ಅವರಿಬ್ಬರೇ ಅದನ್ನು ಗಾಡಿಗೆ ಏರಿಸಿ, ನೀರು ಸೋರಿಸುತ್ತಲೇ ಬೀದಿಯುದ್ದಕ್ಕೂ ತಳ್ಳಿಕೊಂಡು ಹೋದರು.