ನದಿದಾರಿ ಮುಚ್ಚಿದ ದಿನ

ಕೊನೆಯ ಸ್ಪ್ರೂಸ್ ಮರದ ಟೊಂಗೆಯನ್ನು ಹೆಪ್ಪುಗಟ್ಟಿದ ನದಿಯಿಂದ ಕಿತ್ತು ದಡಕ್ಕೆಸೆದು ಮೇಯರ್ ಡಂಕನ್ ಸೊಂಟ ನೆಟ್ಟಗೆ ಮಾಡಿಕೊಂಡ. ಚಳಿಗಾಲವೆಲ್ಲ ಸಸ್ಕಾಚೆವಾನ್ ನದಿಯ ಮೇಲೆ ಬಂಡಿಗಳಿಗೆ ದಾರಿ ತೋರಿಸಿದ್ದು ಸಾಲಾಗಿ ನೆಟ್ಟ ಈ ಟೊಂಗೆಗಳೇ. ಈಗ ಮಂಜುಗಡ್ಡೆ ತೆಳುವಾಗಿತ್ತು; ಅವನ್ನು ಕಿತ್ತರೆ ದಾರಿ ಮುಚ್ಚಿದಂತೆ. ಕೀಳಬೇಕಾದವನು ಮೇಯರೇ. ಊರಿಗೆ ಮೇಯರ್ ಅಂತ ಒಬ್ಬ ಬಂದದ್ದೇ ಮೊನ್ನೆ ಮೊನ್ನೆ. ಅವನ ಪಾಲಿಗೆ ಬಂದ ಕೆಲಸಗಳೆಲ್ಲ ಹೀಗೆ ಕೈಗವಸು ಒದ್ದೆಯಾಗುವಂಥವೇ.

"ಇನ್ನೆರಡು ದಿನ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಕಟುಕ ಫರ್ಗಸ್ ಬೆಳಗ್ಗೆಯಿಂದ ಬೈಯುತ್ತಲೇ ಇದ್ದ. ಅವನ ದನಗಳ ಹುಲ್ಲೆಲ್ಲ ಆಚೆ ದಡದಲ್ಲಿತ್ತು. "ಚುನಾವಣೆ ಬರ್ಲಿ, ನೋಡ್ಕೋತೀನಿ."

"ನೋಡ್ಕೋ ಮಾರಾಯ. ಮುಳುಗದೆ ಉಳಿದ್ರೆ ತಾನೇ ಓಟು ಹಾಕೋದು?"

ಅಷ್ಟರಲ್ಲಿ ಮಂಜು ಕವಿಯಿತು. ಆಚೆ ದಡ ಮಾಯವಾಯಿತು.

ಬೇಸಿಗೆಯಲ್ಲಿ ದೋಣಿ ನಡೆಸುವ ಬತೀಸ್ ಮೆಲ್ಲಗೆ ಕೇಳಿದ: "ಮೇಯರ್ ಸಾಹೇಬ್ರೆ, ಅಮ್ಮಾವ್ರು ವಾಪಸ್ ಬಂದ್ರಾ?"

ಡಂಕನ್ ಥಟ್ಟನೆ ನದಿಯತ್ತ ತಿರುಗಿದ. ಹೆಂಡತಿ ಐಸೊಬೆಲ್ ನಿನ್ನೆ ಕುದುರೆ ಬಂಡಿಯಲ್ಲಿ ಆಚೆ ದಡದ ಹೆಂಗಸೊಬ್ಬಳ ಹೆರಿಗೆ ಮಾಡಿಸಲು ಹೋಗಿದ್ದಳು. ಟೊಂಗೆಗಳಿಲ್ಲದ್ದು ಕಂಡು ದಡದಲ್ಲೇ ನಿಲ್ಲುತ್ತಾಳೆ ಎಂದು ಅವನು ನಂಬಿದ್ದ. ಮಂಜಿನಲ್ಲಿ ಏನು ಕಂಡೀತು? ಕುದುರೆಗೋ ಮನೆಯ ದಾರಿ ಬಾಯಿಪಾಠ.

"ಐಸೊಬೆಲ್!" ಎಂದು ಕೂಗಿದ. ಫರ್ಗಸ್ ಕೂಡ ಬೈಗುಳ ಮರೆತು ಗಂಟಲು ಹರಿಯುವಂತೆ ಕೂಗಿದ. ದಡದಂಚಿನ ಮಂಜುಗಡ್ಡೆಯ ಕೆಳಗೆ ಎಲ್ಲೋ ನೀರು ಗುಳುಗುಳು ಎನ್ನುತ್ತಿತ್ತು.

ಆಮೇಲೆ, ಎಷ್ಟೋ ಹೊತ್ತಿನ ಮೇಲೆ, ಮಂಜಿನಾಚೆಯಿಂದ ದನಿ ಬಂತು: "ಇಲ್ಲಿದ್ದ ಟೊಂಗೆ ಯಾವ ಕತ್ತೆ ಕಿತ್ತದ್ದು?"

"ಮೇಯರ್ ಕತ್ತೆ!" ಎಂದ ಫರ್ಗಸ್.

"ಎಲ್ಲಿದ್ದೀಯೇ?" ಡಂಕನ್ ಕೂಗಿದ.

"ದಡದ ಮೇಲೆ! ಕುದುರೆ ಮೊದಲನೇ ಟೊಂಗೆ ಹುಡುಕ್ತಾ ನಿಂತ್ಬಿಟ್ಟಿದೆ. ಎಷ್ಟು ಹೊಡೆದ್ರೂ ಇಳೀತಿಲ್ಲ!"

"ಹೊಡೀಬೇಡ! ಅಲ್ಲೇ ಇರು, ದೋಣಿ ಬಿಡೋವರೆಗೂ!"

"ಅಷ್ಟು ದಿನವಾ? ಹಾಗಾದ್ರೆ ಕೇಳು, ಬ್ರೆಡ್ ಉಬ್ಬಿಸೋ ಹುಳಿಹಿಟ್ಟು ಒಲೆ ಪಕ್ಕದಲ್ಲೇ ಇರ್ಲಿ. ಅದಕ್ಕೆ ದಿನಾ ಒಂದು ಹಿಡಿ ಹಿಟ್ಟು ಹಾಕು, ಗುಳ್ಳೆ ಎದ್ರೆ ಬದುಕಿದೆ ಅಂತ. ಅದನ್ನ ಸಾಯಿಸಿದ್ರೆ ನಾನು ಬರೋದೇ ಇಲ್ಲ! ಹಾಂ, ಹೆಣ್ಣು ಮಗು! ಇಬ್ರೂ ಚೆನ್ನಾಗಿದ್ದಾರೆ!"

ಆ ಮಾತು ಮುಗಿಯುವುದರೊಳಗೆ ನಡುನದಿಯಲ್ಲಿ ಕೋವಿ ಹಾರಿಸಿದಂಥ ಸದ್ದಾಯಿತು. ಆಮೇಲೆ ಉದ್ದಕ್ಕೂ ಮಂಜುಗಡ್ಡೆ ಬಿರಿಯುವ ಸದ್ದು. ಫರ್ಗಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಸಂಜೆ ಡಂಕನ್ ಒಲೆಯ ಪಕ್ಕದ ಮಣ್ಣಿನ ಪಾತ್ರೆಯ ಹುಳಿಹಿಟ್ಟಿಗೆ ಒಂದು ಹಿಡಿ ಹಿಟ್ಟು ಹಾಕಿ ಕಲಸಿದ. ಬೂಟು ಕೂಡ ಬಿಚ್ಚದೆ ಅದರ ಮುಂದೆ ಕುಳಿತ. ಬಹಳ ಹೊತ್ತಿನ ಮೇಲೆ ಒಂದು ಗುಳ್ಳೆ ನಿಧಾನವಾಗಿ ಮೇಲೆದ್ದು ಒಡೆಯಿತು.