ರಕ್ತದಾಗ ಐತಂತ

ಅವ್ವನ ತಲೆನೋವಿಗೆ ನಮ್ಮ ಮನೆಯಲ್ಲಿ ನಾಟಕ ಎಂದು ಹೆಸರು. ಕೀಲುನೋವಿಗೂ ಅದೇ, ಹೊಟ್ಟೆನುಲಿತಕ್ಕೂ ಅದೇ. ಹಬ್ಬ ಹತ್ತಿರ ಬಂತೆಂದರೆ, ಅಪ್ಪನ ಕಡೆಯವರು ಬರುತ್ತಾರೆಂದರೆ, ಮೂರೂ ಕೂಡಿಯೇ ಬರುತ್ತಿದ್ದವು. “ಕೆಲಸ ಬಂತಂದ್ರ ಆಕಿಗೆ ಜಡ್ಡು ಬರ್ತೈತಿ” ಎಂದು ಅಪ್ಪ ನಗುತ್ತಿದ್ದರು.

ಉಪ್ಪಲ್‌ನ ಹೊಸ ಡಾಕ್ಟರಮ್ಮ ನಗಲಿಲ್ಲ. ಅವ್ವನ ತಾಯಿ, ಚಿಕ್ಕಮ್ಮಂದಿರ ಬಗ್ಗೆಯೆಲ್ಲ ಕೇಳಿ, ಹಿಂದಿಯಲ್ಲಿ ನಿಧಾನವಾಗಿ ತಿಳಿಸಿದರು. ಕೆಲವರ ಮೈಗೆ ಒತ್ತಡ ಬೇಗ ನಾಟುತ್ತದೆ, ಅದರಲ್ಲಿ ಹೆತ್ತವರಿಂದ ಬಂದ ಪಾಲೂ ಇರುತ್ತದೆ. ಹಾಗೆ ಹೆತ್ತವರಿಂದ ಬಂದ ಅಂಶಗಳೇ ಕೆಲವು ಈ ನೋವುಗಳ ಹಿಂದೆಯೂ ಇರುವುದರಿಂದ ಒಂದರ ಬೆನ್ನಿಗೆ ಇನ್ನೊಂದು ಬರಬಹುದು. ಮಕ್ಕಳಿಗೆ ಬಂದೇ ಬರುತ್ತದೆ ಎಂದಲ್ಲ. ನೋವಂತೂ ಸುಳ್ಳಲ್ಲ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಟೋದಲ್ಲಿ ನನ್ನಿಂದ ಎಲ್ಲವನ್ನೂ ಕನ್ನಡದಲ್ಲಿ ಇನ್ನೊಮ್ಮೆ ಹೇಳಿಸಿಕೊಂಡಳು, ಕಡೆಯ ಮಾತನ್ನು ಎರಡು ಸಲ.

ಅಪ್ಪನಿಗೆ ನಾನೇ ಹೇಳಿದೆ. ಮನೆಯಲ್ಲಿ ನಾನು ಅಷ್ಟುದ್ದ ಮಾತಾಡಿದ್ದು ಅಪರೂಪ. ಅಪ್ಪ ಕೂಡಲೇ ದಿಲ್‌ಸುಖ್‌ನಗರದ ತಮ್ಮ ಅಕ್ಕನಿಗೆ ಫೋನು ಹಚ್ಚಿದರು. “ಅಕ್ಕಾ, ಅಹಲ್ಯಾಂದು ನಾಟಕ ಅಲ್ಲಂತ. ರಕ್ತದಾಗ ಐತಂತ.”

ಪಾರ್ವತಿಬಾಯಿ ಅತ್ತೆ ಮರುದಿನವೇ ಬಂದರು. ಅವರ ಮಗ ಅರವಿಂದನಿಗೆ ನನ್ನನ್ನು ತರುವ ಮಾತು ನಾನು ತೊಟ್ಟಿಲಲ್ಲಿದ್ದಾಗಲೇ ಆಗಿತ್ತು.

“ಹೊರಗಿನ ರಕ್ತ ಬ್ಯಾಡಂತ ನಿನ್ನ ಮಗಳ್ನ ತಗೋಳಾಕತ್ತೀನಿ, ರಾಮದಾಸ. ನೋಡಿದ್ರ ಇಲ್ಲೇ ಹಿಂಗೈತಿ.” ಅವ್ವನ ಕಡೆ ತಿರುಗಿದರು. “ಖರೇ ಹೇಳವಾ. ನಮ್ಮ ಮಧುರಾಗೂ ಐತೇನು?”

ಬೆಳಗಿನಿಂದ ನನ್ನ ಎಡಗಣ್ಣಿನ ಹಿಂದೆ ಸಿಡಿಯುತ್ತಿತ್ತು. ಅವ್ವಂದೂ ಖರೇ, ನಂದೂ ಖರೇ ಎನ್ನಬೇಕೆಂದುಕೊಂಡೆ. ನನ್ನ ಬಾಯಿಗೆ ಮಾತು ಬರುವಷ್ಟರಲ್ಲಿ ಅವ್ವ ನಕ್ಕುಬಿಟ್ಟಳು.

“ಯಾವ ರಕ್ತರಿ ಅಕ್ಕಾರ. ಕೆಲಸಗಳ್ಳಿ ನಾ. ನಾಟಕಾ ಮಾಡತಿದ್ದೆ. ಡಾಕ್ಟರಮ್ಮನ ಮುಂದೂ ಅದನ್ನ ಮಾಡಿದೆ, ಆಕಿ ಪಾಪ ನಂಬಿದಳು. ಮಧುರಾಗ ತಲಿನೋವಂದ್ರ ಏನಂತನೂ ಗೊತ್ತಿಲ್ಲ.”

“ನಾ ಮೊದಲಿಂದ ಇದನ್ನ ಹೇಳತಿದ್ದಿಲ್ಲೇನೋ ತಮ್ಮಾ?” ಅತ್ತೆಯ ಮುಖ ಅರಳಿತು. ಸಕ್ಕರೆ ಡಬ್ಬಿ ತರಿಸಿ ನನ್ನ ಬಾಯಿಗೆ ಒಂದು ಚಿಟಿಕೆ ಹಾಕಿದರು, ಅವ್ವನ ಬಾಯಿಗೂ ಹಾಕಿದರು. “ಭಾಳ ಚಾಲಾಕಿ ಅದಿ ಬಿಡು ನೀ.”

ಅವರು ಹೋದ ಮೇಲೆ ಅವ್ವ ಒಳಗೆ ಗೋಡೆಗೆ ಮುಖಮಾಡಿ ಮಲಗಿದಳು. ಗುಳಿಗೆ, ನೀರು ತೆಗೆದುಕೊಂಡು ಹೋದೆ. ಅಪ್ಪ ಬಾಗಿಲಲ್ಲಿ ನಿಂತಿದ್ದರು. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

“ಈಗ ಗುಳಿಗಿ ಯಾಕ? ನೀನ ಒಪ್ಪಿಕೊಂಡೆಲ್ಲ. ಏಳು, ರೊಟ್ಟಿ ಬಡಿ.”

ಅವ್ವ ಗುಳಿಗೆಯನ್ನು ನನ್ನ ಕೈಗೆ ವಾಪಸು ಕೊಟ್ಟು ಎದ್ದಳು. ನಾನು ಹಿಟ್ಟಿನ ಡಬ್ಬಿ ಇಳಿಸಿಕೊಟ್ಟೆ.