ಒಂದು ಐವತ್ನಾಲ್ಕಕ್ಕೆ ಬರುವ ಬೆಳಕು

ಫೋನಿನಲ್ಲಿ ಮಾತಾಡಬೇಕಾದೀತೆಂದು ಹೆದರಿ ನಾನೊಂದು ಸುಳ್ಳು ಬರೆದಿದ್ದೇನೆ. ಇದನ್ನು ಈವರೆಗೆ ಡೈರಿಗೂ ಹೇಳಿರಲಿಲ್ಲ.

ನನ್ನ ಕೆಲಸ ದಡದ ಮೇಲಿನ ಒಂದು ಕೋಣೆಯಲ್ಲಿ. ಕಿಟಕಿಯಾಚೆ ಸಮುದ್ರ. ಮೂರು ಕಿಲೋಮೀಟರ್ ಆಳದ ಕತ್ತಲಲ್ಲಿ ನಮ್ಮ ದೂರದರ್ಶಕ. ಅದು ಕೊಳವೆಯಲ್ಲ, ತಳದಿಂದ ನೆಟ್ಟಗೆ ನಿಂತ ಕೇಬಲ್ಲುಗಳ ಸಾಲು, ಒಂದೊಂದರಲ್ಲೂ ಮಣಿ ಪೋಣಿಸಿದಂತೆ ಗಾಜಿನ ಗುಂಡುಗಳು, ಒಳಗೆ ರೆಪ್ಪೆ ಮುಚ್ಚದ ಕಣ್ಣು. ನ್ಯೂಟ್ರಿನೊ ಎಂಬ ಕಣ ಇಡೀ ಭೂಮಿಯನ್ನೇ ತೂರಿಕೊಂಡು ಬಂದು, ಅಪರೂಪಕ್ಕೊಮ್ಮೆ ಅಲ್ಲಿ ಡಿಕ್ಕಿ ಹೊಡೆದರೆ ನೀಲಿ ಮಿಂಚು. ತಾನೇ ಹೊಳೆಯುವ ಲೋಳೆಮೀನು ಹಾದರೂ ಮಿಂಚು. ಯಾವುದು ಯಾವುದೆಂದು ಗುರುತು ಹಾಕುವವಳು ನಾನು. ನ್ಯೂಟ್ರಿನೊ ಎಂದರೆ ಹದಿನೈದು ನಿಮಿಷದೊಳಗೆ ಬೇರೆ ದೂರದರ್ಶಕದವರಿಗೆಲ್ಲ ಫೋನು ಮಾಡಿ, ಆಕಾಶದ ಇಂಥ ಮೂಲೆ ನೋಡಿ ಎನ್ನಬೇಕು. ‘ಜೀವಿಯ ಬೆಳಕು’ ಎಂದರೆ ಯಾರಿಗೂ ಏನೂ ಹೇಳಬೇಕಿಲ್ಲ.

ಕಳೆದ ಮಂಗಳವಾರ ಮಧ್ಯಾಹ್ನ 2:18ಕ್ಕೆ ಐದನೇ ಸಾಲಿನ ಗುಂಡುಗಳು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹೊತ್ತಿಕೊಂಡವು, ಯಾರೋ ದೀಪ ಹಿಡಿದು ಮೆಟ್ಟಿಲು ಹತ್ತಿ ಬಂದ ಹಾಗೆ. ಲೋಳೆಮೀನು ಹಾಗೆ ಬರುವುದಿಲ್ಲ. ಫೋನು ನೋಡಿದೆ. ಅದನ್ನು ಪಕ್ಕಕ್ಕೆ ಸರಿಸಿದೆ. ಬರೆದೆ: ಜೀವಿಯ ಬೆಳಕು.

ಗುರುವಾರ 2:10ಕ್ಕೆ ಮತ್ತೆ ಬಂತು. ಶನಿವಾರ 2:02ಕ್ಕೆ. ಅದೇ ಸಾಲು, ಅದೇ ಓರೆ. ಮೊದಲ ಸುಳ್ಳನ್ನು ಮುಚ್ಚಲು ಅದನ್ನೇ ಇನ್ನೆರಡು ಸಲ ಬರೆದೆ.

“ಅದೇನೇ, ತಟ್ಟೆ ಮುಂದೆ ಇಟ್ಕೊಂಡು ಗಡಿಯಾರ ನೋಡ್ತಾ ಕೂತಿದ್ದೀಯ?” ಎಂದಳು ಅಮ್ಮ ಆ ಸಂಜೆ. “ಯಾರಾದ್ರೂ ಬರ್ತಾರಾ?”

ನಾನು ಲೆಕ್ಕ ಹಾಕುತ್ತಿದ್ದೆ. ನಕ್ಷತ್ರಗಳು ಮೂಡುವುದು ದಿನದಿನಕ್ಕೂ ನಾಲ್ಕು ನಿಮಿಷ ಬೇಗ. ಎರಡು ದಿನಕ್ಕೆ ಎಂಟು. ಮೀನಿಗೆ ಆ ಗಡಿಯಾರ ಗೊತ್ತಿಲ್ಲ; ಇದು ಆಕಾಶದಿಂದಲೇ ಬಂದದ್ದು. ಹಾಗಾದರೆ ಸೋಮವಾರ, 1:54.

ಇಂದು ಸೋಮವಾರ. 1:50ಕ್ಕೆ ಎಂಜಿನಿಯರು ಒಳಬಂದರು. ಆ ಗುಂಡುಗಳನ್ನೆಲ್ಲ ಜೋಡಿಸಿದವರು ಅವರೇ. ಹಾಗಾಗಿ ಎಲ್ಲರ ಬಾಯಲ್ಲೂ ಗಾಜಪ್ಪ.

“ಏನಮ್ಮಾ ಮೌನಗೌರಿ, ನಿನ್ನ ಮೀನುಗಳು ಐದನೇ ಸಾಲಲ್ಲೇ ಸಂಸಾರ ಹೂಡಿವೆಯಂತೆ?” ಕುರ್ಚಿ ಎಳೆದುಕೊಂಡರು. “ವಾರದಲ್ಲಿ ಮೂರು ಸಲ ಅಂತ ಬರ್ದಿದ್ದೀಯ. ಇನ್ನೂ ಬೆಳಕು ಬಿದ್ರೆ ಕಣ್ಣು ಸುಟ್ಟುಹೋಗುತ್ತೆ. ಒಂದು ವಾರ ಕರೆಂಟ್ ತೆಗೀತೀನಿ, ಮಲಗ್ಲಿ ಪಾಪ.”

ಒಂದೇ ಬೆರಳಲ್ಲಿ ಪಾಸ್‌ವರ್ಡ್ ಕುಟ್ಟತೊಡಗಿದರು. 1:52. ಹೊರಗೆ ಬಿಸಿಲು, ಅಲೆಯಿಲ್ಲದ ನೀರು. ಎಷ್ಟೋ ಸಾವಿರ ವರ್ಷಗಳ ಹಿಂದೆ ಹೊರಟದ್ದು ಕಡೆಯ ಎರಡು ನಿಮಿಷದ ದಾರಿಯನ್ನಷ್ಟೇ ಉಳಿಸಿಕೊಂಡಿತ್ತು. ಅದು ಬರುವುದು ಕಿಟಕಿಯಿಂದಲ್ಲ, ಕೆಳಗಿನಿಂದ. ಕಾಲುಗಳನ್ನು ಕುರ್ಚಿಯ ಮೇಲಕ್ಕೆಳೆದುಕೊಂಡೆ. ಮೂರು ಸಲ ಬಂದದ್ದಕ್ಕೆ ಯಾರೂ ಓಗೊಟ್ಟಿರಲಿಲ್ಲ. ಈ ಸಲ ಬಂದರೆ ನೋಡಲು ಕಣ್ಣೂ ಇರುವುದಿಲ್ಲ.

‘ಐದನೇ ಸಾಲನ್ನು ನಿಲ್ಲಿಸಬೇಕೆ?’ ಎಂದು ಕಂಪ್ಯೂಟರಿನ ಪರದೆ ಕೇಳಿತು. ಹೌದೆಂದು ಒತ್ತಲು ಗಾಜಪ್ಪನವರ ಬೆರಳು ಮೇಲೆದ್ದಿತು.

“ಅದು ಮೀನಲ್ಲ ಸಾರ್,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಫೋನಲ್ಲಿ ಮಾತಾಡೋಕೆ ಹೆದರ್ಕೊಂಡು ನಾನೇ ಸುಳ್ಳು ಬರ್ದೆ.”